ಭಾವನ ಫೋನಿನಲ್ಲಿ ಓಡುತ್ತಿದ್ದ ವ್ಯಾನು

ಅದು ೨೦೧೬ ಇರಬೇಕು, ಮರುವರ್ಷವೂ ಆಗಿರಬಹುದು. ಉಪ್ಪಳದ ಬಾಡಿಗೆ ಕೋಣೆಯಲ್ಲಿ ನಾನು ಮತ್ತು ನನ್ನ ಗೆಳೆಯ ಆ್ಯಪ್ ಮಾಡಿಕೊಡುತ್ತಿದ್ದೆವು. ಶಾಲೆಯ ವ್ಯಾನು ಎಲ್ಲಿಗೆ ಬಂತೆಂದು ಮನೆಯವರಿಗೆ ತೋರಿಸುವ ಆ್ಯಪ್ ಬೇಕೆಂದು ಗಲ್ಫಿನಲ್ಲಿದ್ದ ಕೆಲವು ಅಪ್ಪಂದಿರು ಕೇಳಿದರು. ಅವರಲ್ಲಿ ಅಕ್ಕನ ಗಂಡ, ನನ್ನ ಭಾವನೂ ಒಬ್ಬರು.

"ನೇಟಿವ್ ಆಗಿ, ಆಂಡ್ರಾಯ್ಡಿಗೆ ಮಾತ್ರ ಹೊಂದುವ ಹಾಗೆ ಬರೆಯುವ" ಎಂದ ಗೆಳೆಯ. "ಮಾರ್ಗದ ಬದಿ ಕಾಯುವುದು ಅಮ್ಮಂದಿರು ಮಾರಾಯ. ಅವರ ಹತ್ರ ಇರುವುದು ಹಳೇ ಆಂಡ್ರಾಯ್ಡ್. ಮಗುವನ್ನು ಇಳಿಸಿಕೊಳ್ಳಲಿಕ್ಕೆ ಅಪ್ಪ ದುಬೈಯಿಂದ ಬರ್ತಾನಾ?"

ಅಪ್ಪಂದಿರ ಕೈಯಲ್ಲಿದ್ದದ್ದು ಐಫೋನ್. ಒಂದೇ ಕೋಡು ಎರಡರಲ್ಲೂ ಓಡುವ ಕ್ರಾಸ್-ಪ್ಲಾಟ್‌ಫಾರ್ಮ್ ದಾರಿಯನ್ನೇ ನಾನು ಹಿಡಿದೆ. ಸಮಯ ಉಳಿಯುತ್ತದೆ ಎಂದು ವಾದಿಸಿದ ನೆನಪು. ಭಾವನ ಮುಂದೆ ಮೆರೆಯುವ ಆಸೆಯೂ ಇತ್ತೆಂದು ಈಗ ಅನಿಸುತ್ತದೆ.

ಆ್ಯಪ್ ಕೈಸೇರಿದ ಮೇಲೆ ಭಾವ ಫೋನ್ ಮಾಡಿ ಹೊಗಳಿದರು. ಅಕ್ಕನೂ "ಲಾಯ್ಕ ಉಂಟು" ಎಂದಳು.

ಕೆಲವು ವಾರಗಳ ಬಳಿಕ ಒಂದು ಸಂಜೆ ಬಾಯಾರಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಫೋನ್ ರಿಂಗಾಯಿತು. "ಆಯ್ತು, ಹೊರಟೆ" ಎಂದು ಇಟ್ಟವಳೇ ಚಪ್ಪಲಿ ಮೆಟ್ಟಿದಳು. ನಾವು ಮಾರ್ಗಕ್ಕೆ ಇಳಿಯುವಾಗ ವ್ಯಾನು ಬಂತು.

"ಫೋನ್ ಮಾಡಿದ್ದು ಯಾರು, ಡ್ರೈವರಾ?"

"ನಿನ್ನ ಭಾವ. ಅವರ ಫೋನಲ್ಲಿ ವ್ಯಾನು ಚಂದ ಓಡ್ತದೆ. ನನ್ನದರಲ್ಲಿ ಬರೀ ಬಿಳಿ. ಮತ್ತೆ ಫೋನ್ ಕಾಯ್ತದೆ ನೋಡು, ದೋಸೆ ಹೊಯ್ಯಬಹುದು."

"ನನಗೆ ಹೇಳ್ಬಾರದಿತ್ತಾ?"

"ನೀನು ಅಷ್ಟು ಖುಷಿಯಲ್ಲಿ ಇದ್ದಿ. ಎಂತ ಹೇಳುದು?" ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ಆ ಹೊತ್ತಿಗೆ ಅವರಿಗೆ ಡ್ಯೂಟಿ. ಕಕ್ಕಸಿಗೆ ಹೋಗಿ ಫೋನ್ ಮಾಡ್ತಾರೆ. ದಿನಾ ಹೊಟ್ಟೆ ಸರಿ ಇಲ್ಲವಾ ಅಂತ ಮ್ಯಾನೇಜರ್ ಕೇಳಿದನಂತೆ."

ಅವಳು ನಕ್ಕಳು ಎಂದು ನೆನಪು. ನನ್ನ ಸಮಾಧಾನಕ್ಕೆ ಆ ನಗುವನ್ನು ನಾನೇ ಸೇರಿಸಿಕೊಂಡಿದ್ದೇನೋ ಏನೋ. ಮಗುವನ್ನು ಕರೆದೊಯ್ಯಲು ಬಂದಿದ್ದ ನೆರೆಮನೆಯಾಕೆ, "ನಮಗೂ ನಿಮ್ಮ ಭಾವನ ಫೋನೇ ಗತಿ" ಎಂದರು. ಮುಖವೆತ್ತಿ ಅವರನ್ನು ನೋಡಲಾಗಲಿಲ್ಲ.

ನನ್ನ ಫೋನನ್ನು ಅಕ್ಕನಿಗೆ ಕೊಟ್ಟು ಅವಳದನ್ನು ಕೇಳಿ ತೆಗೆದುಕೊಂಡೆ. ಉಪ್ಪಳದ ಬಸ್ಸಿನಲ್ಲಿ ಆ್ಯಪ್ ತೆರೆದೆ. ಬಿಳಿ ಪರದೆ. ಅಂಗೈಯಲ್ಲಿ ಫೋನ್ ಮೆಲ್ಲಗೆ ಬಿಸಿಯಾಗತೊಡಗಿತು. ಕೋಣೆಯಲ್ಲಿ ಗೆಳೆಯನ ಮುಂದೆ ಅದನ್ನಿಟ್ಟು ಎಲ್ಲವನ್ನೂ ಹೇಳಿದೆ. ಅವನು ಗೇಲಿ ಮಾಡಲಿಲ್ಲ, ಮಾಡಿದ್ದರೆ ಹಗುರಾಗುತ್ತಿತ್ತು.

"ಇನ್ನು ಈ ಫೋನಲ್ಲಿ ಓಡಿದ್ರೆ ಮಾತ್ರ ಆಯ್ತು ಅಂತ ಲೆಕ್ಕ" ಎಂದು, ಆಂಡ್ರಾಯ್ಡಿಗೆ ಹೊಸದಾಗಿ ಬರೆಯಲು ಕುಳಿತ.