ಊದುವ ಮುಂಚೆ ತೀರ್ಥ

ಹೆಂಡದ ರುಚಿ ಗೊತ್ತಿಲ್ಲದ ನನ್ನ ಹೊಟ್ಟೆಪಾಡು ನಿಂತಿರುವುದು ಬೇರೆಯವರ ಬಾಯಿವಾಸನೆಯ ಮೇಲೆ. ಮಹದೇವಪುರದಲ್ಲಿ ಕಂಪನಿ ಬಸ್ಸುಗಳು ನಿಲ್ಲುವ ಯಾರ್ಡಿನಲ್ಲಿ ನನಗೆ ಕೆಲಸ. ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಒಬ್ಬೊಬ್ಬ ಡ್ರೈವರಿನ ಬಾಯಿಗೂ ಕುಡಿತ ಪತ್ತೆಹಚ್ಚುವ ಮೆಷಿನ್ ಹಿಡಿದು "ಊದಿ ಅಣ್ಣ" ಅನ್ನಬೇಕು. ಸೊನ್ನೆ ಬಂದರೆ ಕೀ ಕೊಡಬೇಕು, ಬೇರೆ ಏನು ಬಂದರೂ ಮನೆಗೆ ಕಳಿಸಬೇಕು. ಎಲ್ಲರನ್ನೂ ಅಣ್ಣ ಅನ್ನುತ್ತೇನೆ. ಅವರಲ್ಲಿ ಒಬ್ಬನಿಗೆ ಮಾತ್ರ ನಾನು ನಿಜವಾಗಿಯೂ ಒಡಹುಟ್ಟಿದ ತಂಗಿ.

ಅವನು ಕುಡಿದು ಸಿಕ್ಕಿಬಿದ್ದದ್ದು ನನ್ನ ಕೈಗಲ್ಲ, ಹಲಸೂರಿನ ಹತ್ತಿರ ಪೊಲೀಸರ ಕೈಗೆ. ಸಂಜೆ ಖಾಲಿ ಬಸ್ಸು ವಾಪಸ್ ತರುತ್ತಿದ್ದ. "ಬಸ್ಸಲ್ಲಿ ಜನಾನೇ ಇರ್ಲಿಲ್ವಲ್ಲಾ" ಎಂದು ಮನೆಗೆ ಬಂದು ವಾದ ಮಾಡಿದ, ರಸ್ತೆಯಲ್ಲಿದ್ದವರೆಲ್ಲ ಜನರೇ ಅಲ್ಲ ಅನ್ನುವ ಹಾಗೆ. ಕೋರ್ಟಾಯಿತು, ದಂಡವಾಯಿತು, ಲೈಸೆನ್ಸ್ ಕೆಲವು ತಿಂಗಳು ಅಮಾನತಾಯಿತು. ಕೆ.ಆರ್. ಪುರದ ಮನೆಯಲ್ಲಿ ಅವನು ಸುಮ್ಮನೆ ಕೂತ. ಅತ್ತಿಗೆ ನೀರು ಕೊಡುವ ನೆಪದಲ್ಲಿ ಮೂಸುತ್ತಿದ್ದಳು, ಅಮ್ಮ ನೆಪವೂ ಇಲ್ಲದೆ ಮೂಸುತ್ತಿದ್ದಳು. ಅವನು ನಿಜಕ್ಕೂ ಕುಡಿತ ಬಿಟ್ಟಿದ್ದ. ನಂಬುವುದಕ್ಕೆ ನಮಗೇ ಧೈರ್ಯ ಸಾಲಲಿಲ್ಲ.

ಲೈಸೆನ್ಸ್ ಬಂದ ಮೇಲೂ ಕಂಪನಿಯವರು ಸುಲಭಕ್ಕೆ ಸೇರಿಸಿಕೊಳ್ಳಲಿಲ್ಲ. ಮೊದಲು ಇಂದಿರಾನಗರದ ಏಸಿ ರೂಮಿನಲ್ಲಿ ಕೌನ್ಸೆಲಿಂಗ್. ಅಲ್ಲಿದ್ದ ಮೇಡಂ "ನಿಮ್ಗೆ ಯಾವಾಗ ಕುಡೀಬೇಕು ಅನ್ಸುತ್ತೆ?" ಎಂದು ಕೇಳಿದರೆ ಇವನು "ಹಿಂಗೆ ಕೇಳ್ದಾಗ ಮೇಡಂ" ಅಂದು ಬಂದ. ಪುಣ್ಯಕ್ಕೆ ಆಕೆ ನಕ್ಕರಂತೆ. ಆಮೇಲೆ ರಕ್ತಪರೀಕ್ಷೆ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಬಸ್ಸು ಓಡಿಸುವ ಪರೀಕ್ಷೆ. ಕೊನೆಗೆ ಮ್ಯಾನೇಜರ್ ಕರೆದು, "ಬನ್ನಿ. ಆದ್ರೆ ಇನ್ನೊಂದ್ಸಲ ಸೊನ್ನೆ ಬಿಟ್ಟು ಬೇರೆ ಏನಾದ್ರೂ ಬಂದ್ರೆ ಅವತ್ತೇ ಕೊನೆ" ಅಂದರು.

ಅವನು ಕೆಲಸಕ್ಕೆ ಮರಳುವ ಬೆಳಿಗ್ಗೆ ಅಮ್ಮನೂ ನಮ್ಮ ಜೊತೆ ಹೊರಟಳು. ಯಾರ್ಡಿನ ಕಾಂಪೌಂಡಿಗೆ ಅಂಟಿಕೊಂಡೇ ಮುನೇಶ್ವರನ ಗುಡಿ ಇದೆ. ಮಗ ಕುಡಿತ ಬಿಟ್ಟು ಕೆಲಸಕ್ಕೆ ಸೇರಿದರೆ ಪೂಜೆ ಕೊಡುತ್ತೇನೆಂದು ಹರಕೆ ಹೊತ್ತಿದ್ದಳಂತೆ. ನಮ್ಮ ಮುನೇಶ್ವರನಿಗೆ ಪ್ರಿಯವಾದದ್ದು ಕೋಳಿ, ಚುಟ್ಟ, ಬ್ರಾಂದಿ. ಹಾಗಾಗಿ ಮಗ ಬಿಟ್ಟ ಖುಷಿಗೆ ದೇವರಿಗೆ ಒಂದು ಕ್ವಾರ್ಟರ್. ಪೂಜಾರಿ ಮಂಗಳಾರತಿ ಎತ್ತಿ, ಆ ಬ್ರಾಂದಿಯನ್ನೇ ಸ್ಟೀಲ್ ಲೋಟಕ್ಕೆ ಧಾರಾಳವಾಗಿ ಬಗ್ಗಿಸಿ ಅಣ್ಣನ ಮುಂದೆ ಹಿಡಿದ. "ತಗೋಪ್ಪ, ತೀರ್ಥ."

"ಬೇಡಮ್ಮಾ, ಈಗ ಊದ್ಬೇಕು" ಎಂದು ಅಣ್ಣ ಹಿಂದೆ ಸರಿದ.

"ಅದು ಬ್ರಾಂದಿ ಅಲ್ಲ ಕಣೋ, ತೀರ್ಥ. ಇವತ್ತೇ ದೇವ್ರನ್ನ ಎದುರು ಹಾಕ್ಕೋತೀಯಾ?" ಎಂದು ಅಮ್ಮ ಗದರಿದಳು.

ಈ ವ್ಯತ್ಯಾಸ ಮೆಷಿನ್ನಿಗೆ ತಿಳಿಯುವುದಿಲ್ಲ ಎಂದು ಅಮ್ಮನಿಗೆ ಹೇಳಿ ಪ್ರಯೋಜನವಿರಲಿಲ್ಲ. ನನಗೆ ರೇಗಿಹೋಯಿತು. "ಅವನ ಪಾಲಿಂದು ನಾನ್ ತಗೋತೀನಿ, ಒಂದೇ ರಕ್ತ ತಾನೇ" ಎಂದು ಲೋಟ ಕಿತ್ತುಕೊಂಡು ಗಟಗಟ ಕುಡಿದುಬಿಟ್ಟೆ. ಗಂಟಲು ಉರಿದುಹೋಯಿತು. ಅಮ್ಮನಿಗೆ ಸಮಾಧಾನವಾಯಿತು, ದೇವರಿಗೂ ಆಗಿರಬೇಕು. ಅಣ್ಣನ ಕೆಲಸ ಉಳಿಸಿದ ಜಂಬದಲ್ಲಿ ನಾನು ಗೇಟಿನೊಳಗೆ ಹೋದೆ.

ಜಂಬದಲ್ಲಿ ಒಂದು ವಿಷಯ ಮರೆತೇಹೋಗಿತ್ತು. ಮೆಷಿನ್ ಸುಳ್ಳು ತೋರಿಸುತ್ತದೆಂದು ಡ್ರೈವರುಗಳು ಗಲಾಟೆ ಮಾಡಿದಾಗಿನಿಂದ, ದಿನಾ ಎಲ್ಲರೆದುರು ಮೊದಲು ಊದಬೇಕಾದವಳು ನಾನೇ. ನನ್ನ ಸೊನ್ನೆ ತೋರಿಸಿ ಮೆಷಿನ್ ಸರಿಯಿದೆ ಅನ್ನುವುದು ಪದ್ಧತಿ. ಅಭ್ಯಾಸಬಲದಿಂದ ಊದಿದೆ. ಮೆಷಿನ್ ಕೆಂಪಗಾಗಿ ಕಿರುಚಿಕೊಂಡಿತು.

ಮ್ಯಾನೇಜರ್ ಓಡಿಬಂದರು. "ತೀರ್ಥ ಸಾರ್" ಅಂದೆ. ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇಷ್ಟು ವರ್ಷ ಅವರು ನನಗೆ ಹೇಳಿದ ನೆಪಗಳಲ್ಲಿ ಇಷ್ಟು ಸೊಗಸಾದದ್ದು ಒಂದೂ ಇರಲಿಲ್ಲ. "ಮುನೇಶ್ವರನ್ನೇ ಸಾಕ್ಷಿಗೆ ಕರ್ಸೋಣ್ವಾ ಮೇಡಂ?" ಅಂದ ಒಬ್ಬ. ದಿನಾ ಸಲಾಂ ಹೊಡೆಯುವ ಗಾರ್ಡ್ ಹತ್ತಿರ ಬಂದು ಮೂಸಿಯೇ ನೋಡಿದ. ನಾನು ಏನು ಹೇಳಿದರೂ ಅವರ ಕಣ್ಣೆಲ್ಲ ನನ್ನ ಬಾಯಿಯ ಮೇಲೆ, ಕಿವಿ ಯಾರದೂ ಮಾತಿನ ಮೇಲಿಲ್ಲ.

"ಅದು ನನ್ ಪಾಲಿಂದು ಸಾರ್, ಅವ್ಳು ನನಗೋಸ್ಕರ ಕುಡಿದಿದ್ದು" ಎಂದು ಅಣ್ಣ ಮುಂದೆ ಬಂದ. ನಗು ಇನ್ನೂ ಜೋರಾಯಿತು. ಮ್ಯಾನೇಜರ್ ಇನ್ನೊಂದು ಮೆಷಿನ್ ತರಿಸಿ, ತಾವೇ ಹಿಡಿದು, ಅವನನ್ನು ಮತ್ತೆ ಮತ್ತೆ ಊದಿಸಿದರು. ಊದಿದಷ್ಟು ಸಲವೂ ಸೊನ್ನೆ. ಕೊನೆಗೆ ಒಲ್ಲದ ಮನಸ್ಸಿನಿಂದ ಕೀ ಕೊಟ್ಟರು. ಕರೆದಾಗೆಲ್ಲ ಬಂದು ಮತ್ತೆ ಊದಬೇಕೆಂದು ಹೇಳಿ ನನ್ನನ್ನು ಗೇಟಿನ ಪಕ್ಕ, ಗಾರ್ಡಿನ ಕುರ್ಚಿಯಲ್ಲಿ ಕೂರಿಸಿದರು.

ಹೊರಡುವಾಗ ಅಣ್ಣ ಬಸ್ಸು ನಿಲ್ಲಿಸಿ ಕಿಟಕಿಯಿಂದ ಬಗ್ಗಿದ. "ವಾದ ಮಾಡ್ಬೇಡ ಕಣೇ. ನಿಜ ಹೇಳಿದ್ರೂ ನಂಬಲ್ಲ. ಕರ್ದಾಗೆಲ್ಲ ಹೋಗಿ ಸುಮ್ನೆ ಊದು, ಅಷ್ಟೇ."

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇಷ್ಟು ತಿಂಗಳು ಮನೆಯಲ್ಲಿ ಹೇಗೆ ಕಳೆದ ಎಂದು ಆಗ ತಿಳಿಯಿತು. ಬಸ್ಸು ರಿಂಗ್ ರೋಡಿಗೆ ತಿರುಗುವ ಹೊತ್ತಿಗೆ ನನಗೆ ಅಳು ತಡೆಯಲಾಗಲಿಲ್ಲ.

"ಕುಡಿದ್ರೆ ಹಂಗೇ ಮೇಡಂ, ಅಳು ಬರುತ್ತೆ" ಅಂದ ಗಾರ್ಡ್.

ನಾನು ವಾದ ಮಾಡಲಿಲ್ಲ.