ಮೇಷ್ಟ್ರು ಕೇಳಿದ ಹಲಗೆ, ನಾನು ಹೇಳಿದ ಹಲಗೆ

ನಾನು ಕೇರಿಯ ಹಿರಿಯಳು, ಹೈಸ್ಕೂಲು ಓದಿದವಳು, ನ್ಯಾಮತಿ ಕಡೆಯ ನಮ್ಮೂರ ಶಾಲಾ ಸಮಿತಿಯ ಅಧ್ಯಕ್ಷೆ. ಇವತ್ತು ಮಗ ಹಲಗೆಯನ್ನು ಬೆಂಕಿಗೆ ಹಿಡಿದಾಗ ಬಂದ ತೊಗಲಿನ ವಾಸನೆಗೆ ಮೂರನೇ ಕ್ಲಾಸು ನೆನಪಾಯಿತು.

ಕೇರಿ ಮಕ್ಕಳಿಗೆ ಓದು ಹತ್ತುವುದಿಲ್ಲ ಎಂಬ ಮಾತು ಕೇಳಿ ಕೇಳಿ ನಾನು ಶಾಲೆ ಬಿಡುವುದರಲ್ಲಿದ್ದೆ. ಆಗ ಬಂದ ಹೊಸ ಮೇಷ್ಟ್ರು ಕ್ಲಾಸಿನತ್ತ ತಿರುಗಿ, "ಮೊದ್ಲು ಹಲಗೆ ಸರಿಮಾಡ್ಕೋಬೇಕು. ಹೆಂಗೆ?" ಎಂದರು. ಅವರು ಕೇಳಿದ್ದು ಕರಿಹಲಗೆ. ನನಗೆ ಗೊತ್ತಿದ್ದುದು ಅಪ್ಪ ಬಾರಿಸುವ ಹಲಗೆ.

"ಬೆಂಕಿಗೆ ಕಾಸ್ಬೇಕು ಸಾ."

"ಬೋರ್ಡು ಸುಡ್ತಾಳಂತೆ" ಎಂದು ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ.

"ಯಾಕೆ ಕಾಸ್ಬೇಕವ್ವ?"

"ತಂಪಿಗೆ ತೊಗಲು ಸಡ್ಲ ಆಗ್ತೈತೆ ಸಾ. ಕಾಸಿದ್ರೆ ಬಿಗಿಯಾಗಿ ನಾದ ಕೊಡ್ತೈತೆ."

"ನಂಗೆ ಇದು ಗೊತ್ತಿರಲಿಲ್ಲ. ಇಲ್ಲಿ ಬಂದು ಎಲ್ರಿಗೂ ಹೇಳು" ಎಂದು ಸೀಮೆಸುಣ್ಣ ನನ್ನ ಕೈಗಿಟ್ಟರು. ಆಮೇಲೆ ನಾನು ಶಾಲೆ ಬಿಡುವ ಮಾತೆತ್ತಲಿಲ್ಲ.

ಇವತ್ತು ಮಧ್ಯಾಹ್ನ ಶಾಲಾ ಸಮಿತಿ ಸಭೆಯಲ್ಲಿ ನಿರ್ಣಯ ಬರೆಸಿದೆ: ಪ್ರತಿ ಶನಿವಾರ ಒಂದು ಪಾಠ ಮಕ್ಕಳೇ ಮಾಡಬೇಕು, ಮೇಷ್ಟ್ರು ಕೂತು ಕೇಳಬೇಕು. ಸಹಿ ಹಾಕಿಯೇ ಎದ್ದು ಬಂದೆ.