ಹೆಪ್ಪು ಹಾಕೆಂದ ಅರಿಷಿಣದ ದೀಪ

ಹೋದ ರವಿವಾರ ನನ್ನ ಕೈಯ ಮೊಸರು ಮತ್ತೆ ಗಟ್ಟಿಯಾಯಿತು. ಗಡಿಗೆಯನ್ನು ಬೋರಲು ಹಿಡಿದರೂ ಬೀಳದಂಥ ಮೊಸರು. ಅದಕ್ಕೆ ಕಾರಣ ಒಂಬತ್ತನೇ ಇಯತ್ತೆ ಓದುವ ನನ್ನ ಮೊಮ್ಮಗಳು ಸೃಷ್ಟಿ. ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಆದರೆ ಇದನ್ನು ಬರೆಯದೆ ಇರಲಾರೆ.

ಧಾರವಾಡದ ಕೆಲಗೇರಿಯಲ್ಲಿ ನಮ್ಮದು ಎರಡು ಎಮ್ಮೆಯ ಮನೆ. ಮದುವೆಯಾಗಿ ಬಂದಾಗಿನಿಂದ ಹಾಲಿನಲ್ಲಿ ಕಿರುಬೆರಳು ಅದ್ದಿ, ಉಗುರುಬೆಚ್ಚಗಿದೆ ಅನ್ನಿಸಿದಾಗ ಹೆಪ್ಪು ಹಾಕಿದವಳು ನಾನು. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದ ಮೇಲೆ ಬಿಸಿಯೋ ತಣ್ಣಗೋ ಒಂದೂ ತಿಳಿಯದಾಯಿತು. ಒಂದು ದಿನ ಮೊಸರು ನೀರು ನೀರು, ಇನ್ನೊಂದು ದಿನ ಹಾಲು ಹಾಲಾಗಿಯೇ.

"ಯವ್ವಾ, ಸಾಕ ಬಿಡು. ಇನ್ನ ಪಾಕೀಟ ಮೊಸರ ತರೋಣು," ಎಂದ ಮಗ ಬಸು. ಒಳ್ಳೆಯದಕ್ಕೇ ಅಂದ. ನನಗೆ ಮಾತ್ರ ಅಡುಗೆಮನೆಯಿಂದ ಎಬ್ಬಿಸಿ ಕಳಿಸಿದಂತಾಯಿತು.

ಸೃಷ್ಟಿ ಶಾಲೆಯಲ್ಲಿ ಮೈಕ್ರೋಕಂಟ್ರೋಲರ್ ಎಂಬ ಪುಟಾಣಿ ಕಂಪ್ಯೂಟರಿನ ಕೆಲಸ ಕಲಿಯುತ್ತಿದ್ದಳು. ಬೆಂಕಿಪೆಟ್ಟಿಗೆಯಷ್ಟು ಹಲಗೆ, ಅದಕ್ಕೆ ವೈರಿನಿಂದ ಒಂದು ಸ್ಟೀಲಿನ ಕಡ್ಡಿ, ಒಂದು ಪುಟ್ಟ ದೀಪ. ಕಡ್ಡಿ ಹಾಲಿನಲ್ಲಿಟ್ಟರೆ ಬಿಸಿ ಎಷ್ಟೆಂದು ದೀಪದ ಬಣ್ಣವೇ ಹೇಳುವಂತೆ ಪ್ರೋಗ್ರಾಂ ಬರೆಯುತ್ತೇನೆಂದಳು.

"ಆಯಿ, ಉಗುರುಬೆಚ್ಚಗ ಅಂದ್ರ ಎಷ್ಟ ಡಿಗ್ರಿ?"

"ಉಗುರುಬೆಚ್ಚಗ ಅಂದ್ರ ಉಗುರುಬೆಚ್ಚಗ. ಅದಕ್ಕೆಲ್ಲಿ ನಂಬರ್?"

ಆಗ ನೆನಪಾಯಿತು. ಅವಳು ಕೂಸಿದ್ದಾಗ ಎರೆಯುವ ನೀರನ್ನು ನಾನು ಮೊಳಕೈಯಿಂದ ನೋಡುತ್ತಿದ್ದೆ. ಅಲ್ಲಿಗಿನ್ನೂ ಜೋಮು ಬಂದಿಲ್ಲ. ನಾಳೆ ಅಲ್ಲಿಗೂ ಏರಿದರೆ? ಲಗುಬಗೆಯಿಂದ ಕುಳಿತು, ಆರುತ್ತಿದ್ದ ಹಾಲನ್ನು ಚಮಚದಿಂದ ಮೊಳಕೈಗೆ ಹನಿಸಿಕೊಳ್ಳುತ್ತ, "ಈಗ ನೋಡು, ಇದ," ಎಂದೆ. ಕಡ್ಡಿ ನಲವತ್ತೆರಡು ಡಿಗ್ರಿ ಎಂದಿತಂತೆ, ಅವಳ ಲ್ಯಾಪ್‌ಟಾಪಿನಲ್ಲಿ ನಂಬರ್ ಬಂತು. ಬರೆದುಕೊಂಡಳು.

ತಣ್ಣಗಾದರೆ ನೀಲಿ, ಹದಕ್ಕೆ ಹಸಿರು, ಸುಡುವಾಗ ಕೆಂಪು ಎಂದು ಹೇಳಿಕೊಟ್ಟಿದ್ದಳು. ಶನಿವಾರ ಅವಳು ಶಾಲೆಗೆ ಹೋದಾಗ ಕಡ್ಡಿ ಇಟ್ಟೆ. ಕೆಂಪು ಬಂತು. ಹೇಳಿಕೊಟ್ಟದ್ದು ಮರೆತೇಹೋಗಿತ್ತು. ಕೆಂಪು ಬಂದರೆ ಗಾಡಿ ನಿಲ್ಲಿಸುತ್ತಾರಲ್ಲ, ಇನ್ನು ಕಾಯುವುದು ನಿಲ್ಲಿಸು ಅಂತಿದೆ ಎಂದುಕೊಂಡು ಹೆಪ್ಪು ಹಾಕಿಬಿಟ್ಟೆ. ಹಾಲು ಒಡೆದು ಹೋಯಿತು.

"ಸಿಗ್ನಲ್ ನೋಡಿ ಹೆಪ್ಪ ಹಾಕಿದಾಕಿ ಧಾರವಾಡದಾಗ ನೀ ಒಬ್ಬಾಕಿನ," ಎಂದು ಬಸು ನಕ್ಕ.

ಸೃಷ್ಟಿ ನಗಲಿಲ್ಲ. "ತಪ್ಪ ನಂದ ಐತಿ ಆಯಿ, ನಿನ್ನ ಕೇಳಬೇಕಿತ್ತು. ಹೆಪ್ಪ ಹಾಕು ಅನ್ನಾಕ ಯಾವ ಬಣ್ಣ ಬೇಕು?"

"ಅರಿಷಿಣದ್ದು," ಎಂದೆ. ಶುಭಕಾರ್ಯಕ್ಕೆ ಬೇರೆ ಬಣ್ಣ ಉಂಟೇ? ಪ್ರೋಗ್ರಾಂನಲ್ಲಿ ಹಸಿರು ತೆಗೆದು ಹಳದಿ ಬರೆದಳು.

ರವಿವಾರ ಬೆಳಿಗ್ಗೆ ಎಲ್ಲರೂ ಒಲೆಯ ಮುಂದೆ. ಕೆಂಪು ಬಹಳ ಹೊತ್ತು ಉರಿಯಿತು. ಆಮೇಲೆ ಅರಿಷಿಣ ಕಲಸಿದಂತೆ ದೀಪ ಹಳದಿಯಾಯಿತು. ಯಾರ ಮುಖವನ್ನೂ ನೋಡದೆ ಹೆಪ್ಪು ಹಾಕಿದೆ.

ನನ್ನ ಬೆರಳು ಮರೆತದ್ದನ್ನು ಈಗ ಮೊಮ್ಮಗಳ ದೀಪ ನೆನಪಿಟ್ಟುಕೊಂಡಿದೆ. ನಾನು ಕಲಿಸಿದ್ದನ್ನೇ ಅದು ಹೇಳುತ್ತದೆ, ಹಾಗಾಗಿ ನನಗೆ ಅಂಜಿಕೆಯಿಲ್ಲ.

ಸಂಜೆ ಎಲ್ಲರೂ ಕೂಡಿ ಕುಳಿತೆವು. ಸೊಸೆ ಬಿಸಿ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಇತ್ತು. ಗಡಿಗೆ ಹಿಡಿದು ಮೊದಲು ಸೃಷ್ಟಿಯ ತಾಟಿಗೆ ಬಡಿಸಿದೆ. ಬಸು ಎರಡನೇ ಸಲ ತಾಟು ಮುಂದೆ ಮಾಡಿ, "ಯವ್ವಾ, ಇನ್ನಷ್ಟ ಮೊಸರ ಹಾಕು," ಎಂದ.